ಕಾವಲು ನೆಲದ ಸ್ವಾಮ್ಯವಿಚಾರ

‘ಕಾ’ ಎಂಬ ಧಾತುವಿಗೆ ರಕ್ಷಿಸುವುದೆಂದು ಅರ್ಥ. ಅದರಿಂದ ಹುಟ್ಟಿದ ‘ಕಾವಲು’ ಎಂಬ ಶಬ್ದವು ಚಳ್ಳಕೆರೆ ಸೀಮೆಯಲ್ಲಿ ಕಾಯುವ ಕೆಲಸಕ್ಕಿಂತ ಹೆಚ್ಚಾಗಿ ಕಾಯ್ದಿಟ್ಟ ಹುಲ್ಲುನೆಲಕ್ಕೇ ರೂಢಿಯಾಗಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಸೈನ್ಯದ ಸಾಗಾಟಕ್ಕೆ ಬೇಕಾದ ಎತ್ತುಗಳ ಮೇವಿಗೆಂದು ಮೀಸಲಾದ ಈ ಕಾವಲುಗಳಲ್ಲಿ ಸುತ್ತಣ ಹಳ್ಳಿಗಳ ದನಕುರಿಗಳೂ ತಲೆತಲಾಂತರದಿಂದ ಮೇಯುತ್ತ ಬಂದವು.

ಈ ನೆಲ ಯಾರ ಸ್ವತ್ತು? ಪಹಣಿಯಲ್ಲಿ ಸರ್ಕಾರದ್ದು, ಅನುಭೋಗದಲ್ಲಿ ಊರವರದು. ಈ ಎರಡರ ನಡುವಣ ಅಂತರವೇ ಇಂದಿನ ತೊಡಕಿಗೆ ಮೂಲ.

ಖಾಸಗಿ ಜಮೀನಿನ ವಿಷಯದಲ್ಲಿ ಕಾನೂನು ತಕ್ಕಮಟ್ಟಿಗೆ ಸ್ಪಷ್ಟವಾಗಿದೆ. 1978ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ ಆಸ್ತಿಯ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿದ್ದರೂ, ಕಾನೂನಿನ ಆಧಾರವಿಲ್ಲದೆ ಯಾರ ಸ್ವತ್ತನ್ನೂ ಕಿತ್ತುಕೊಳ್ಳಲಾಗದೆಂದು ಸಂವಿಧಾನದ 300ಎ ವಿಧಿಯು ವಿಧಿಸುತ್ತದೆ. 2013ರ ಭೂಸ್ವಾಧೀನ ಕಾಯಿದೆಯು ಪರಿಹಾರವನ್ನೂ ಪುನರ್ವಸತಿಯನ್ನೂ ಕಡ್ಡಾಯಗೊಳಿಸಿತು. ಎರಡೆಕರೆಯ ಪಟ್ಟಾದಾರನಿಗೂ ನೋಟೀಸು ಬರುತ್ತದೆ, ಆಕ್ಷೇಪಣೆಗೆ ಅವಕಾಶವಿರುತ್ತದೆ. ಇನ್ನೂರು ಕುರಿಗಳನ್ನು ಕಾವಲಿನಲ್ಲೇ ಸಾಕಿದವನಿಗೆ ಇದಾವುದೂ ಇಲ್ಲ. ಏಕೆಂದರೆ ಅಲ್ಲಿ ನಡೆಯುವುದು ಸ್ವಾಧೀನವಲ್ಲ, ಸರ್ಕಾರದ ನೆಲವನ್ನು ಸರ್ಕಾರವೇ ಮತ್ತೊಬ್ಬರಿಗೆ ವಹಿಸಿಕೊಡುವ ವರ್ಗಾವಣೆ.

ಹಿಂದಿನವರು ಈ ವಿಚಾರವನ್ನು ಬೇರೆ ಬಗೆಯಲ್ಲಿ ಕಂಡಿದ್ದರು. ಕಲ್ಯಾಣದ ವಿಜ್ಞಾನೇಶ್ವರನು ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ಯಾಜ್ಞವಲ್ಕ್ಯಸ್ಮೃತಿಯು, ಊರಿಗೂ ಹೊಲಗಳಿಗೂ ನಡುವೆ ನೂರು ಧನುಸ್ಸಿನಷ್ಟು ನೆಲವನ್ನು ಬಿಡಬೇಕೆನ್ನುತ್ತದೆ. ಗೋಪ್ರಚಾರ ಭೂಮಿಯನ್ನು ಗ್ರಾಮಸ್ಥರ ಇಚ್ಛೆಯಿಂದ, ಇಲ್ಲವೆ ನೆಲದ ಪ್ರಮಾಣಕ್ಕೂ ರಾಜನ ಇಚ್ಛೆಗೂ ಅನುಗುಣವಾಗಿ ಗೊತ್ತುಮಾಡಬೇಕೆಂದು ಹೇಳುವಲ್ಲಿ ಗ್ರಾಮಸ್ಥರನ್ನು ಮೊದಲು ಹೆಸರಿಸಿದೆ. ಅರಸನ ಸರದಿ ಆಮೇಲಿನದು.

ಚಳ್ಳಕೆರೆಯಲ್ಲಿ ಈ ಅನುಕ್ರಮ ತಲೆಕೆಳಗಾಯಿತು. ಕಳೆದ ದಶಕದ ಹಿಂದಿನಿಂದ ಮೊದಲ್ಗೊಂಡು ದೊಡ್ಡಉಳ್ಳಾರ್ತಿ, ವರವು, ಕುದಾಪುರ ಮೊದಲಾದ ಕಾವಲುಗಳಲ್ಲಿ ಸುಮಾರು 10,000 ಎಕರೆ ನೆಲವು ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಪರಮಾಣು ಸಂಶೋಧನೆಗಳ ಸಂಸ್ಥೆಗಳಿಗೂ ಒಂದು ಖಾಸಗಿ ಸೌರವಿದ್ಯುತ್ ಕಂಪನಿಗೂ ಹಂಚಿಕೆಯಾಯಿತು. ಭಾರತೀಯ ವಿಜ್ಞಾನ ಸಂಸ್ಥೆಗೆ ದೊರೆತದ್ದು 1,500 ಎಕರೆ. ಗೋಡೆಗಳೆದ್ದ ಮೇಲಷ್ಟೇ ಅನೇಕರಿಗೆ ವಿಷಯ ತಿಳಿಯಿತು. ಇವುಗಳಿಂದ ದೇಶಕ್ಕಾದ ಪ್ರಯೋಜನ ಸುಳ್ಳಲ್ಲ: 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ವಾಹನವು ತಾನಾಗಿ ಬಂದಿಳಿದದ್ದು ಇಲ್ಲಿಯ ಓಡುಪಥದಲ್ಲಿಯೇ. ಆದರೆ ಲಾಭವನ್ನು ದೇಶದ ಲೆಕ್ಕಕ್ಕೆ ಬರೆದವರು ನಷ್ಟವನ್ನು ಯಾರ ಲೆಕ್ಕಕ್ಕೂ ಬರೆಯಲಿಲ್ಲ.

ಆ ನಷ್ಟ ಅಲ್ಪವೂ ಅಲ್ಲ. ಚಳ್ಳಕೆರೆಯ ಕಂಬಳಿಗೆ ಉಣ್ಣೆಯನ್ನು ಕೊಡುವ ಕುರಿಗೆ ಬಯಲು ಬೇಕು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಮ್ಯಾಸನಾಯಕರು ಪೂಜಿಸುವ ದೇವರ ಎತ್ತುಗಳ ಹಿಂಡುಗಳನ್ನು ಕಿಲಾರಿಗಳು ಕಾಯುತ್ತಾರೆ. ಆ ಎತ್ತುಗಳು ಹೊಲ ಉಳುವವಲ್ಲ, ಸಂತೆಗೆ ಹೋಗುವವೂ ಅಲ್ಲ, ಮೇವಿಗೆ ಬಯಲನ್ನೇ ನಂಬಿದವು. ಮಳೆ ಕೈಕೊಡುವುದೇ ವಾಡಿಕೆಯಾದ ಸೀಮೆಯಲ್ಲಿ ಬೆಳೆ ಹೋದ ವರ್ಷವೂ ಹುಲ್ಲು ಅಷ್ಟಿಷ್ಟು ಉಳಿಯುತ್ತಿತ್ತು.

ಊರುಗಳ ಸಾಮುದಾಯಿಕ ಭೂಮಿಯನ್ನು ಒತ್ತುವರಿಯಿಂದ ಬಿಡಿಸಿ ಗ್ರಾಮಸ್ಥರಿಗೆ ಮರಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ತೀರ್ಪಿತ್ತಿತ್ತು. ಕಾವಲುಗಳ ಹಂಚಿಕೆಯೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತಾದರೂ ಯೋಜನೆಗಳು ನಿಲ್ಲಲಿಲ್ಲ. ಉಳಿದ ಕಾವಲುಗಳ ಮಟ್ಟಿಗೆ ಒಂದು ದಾರಿ ಇದೆ. ಅರಣ್ಯವೆಂದು ಪರಿಗಣಿತವಾದ ನೆಲದಲ್ಲಿ ಪರಂಪರೆಯಿಂದ ಬಂದ ಮೇವಿನ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯಿದೆ ಒಪ್ಪುತ್ತದೆ. ಆ ಕೋರಿಕೆಯನ್ನು ಸಲ್ಲಿಸಬೇಕಾದದ್ದು ಗ್ರಾಮಸಭೆಯ ಮುಂದೆ.