ಸೋಯಾ ಪಾನೀಯ: ತೆರಿಗೆಯಲ್ಲಿ ‘ಹಾಲು’, ಲೇಬಲ್ಲಿನಲ್ಲಿ ಅಲ್ಲ

ಸೋಯಾ ಹಾಲಿನ ಘಟಕ ಸ್ಥಾಪಿಸಬಯಸುವವರು ಮೊದಲು ವಿಚಾರಿಸುವುದು ಯಂತ್ರದ ಬೆಲೆಯನ್ನು, ಅನಂತರ ಮಾರುಕಟ್ಟೆಯನ್ನು. ಬಾಟಲಿಯ ಮೇಲೆ ಯಾವ ಹೆಸರನ್ನು ಮುದ್ರಿಸಬೇಕೆಂಬ ಪ್ರಶ್ನೆ ಬಹುಪಾಲು ಲೇಬಲ್ಲು ಅಚ್ಚಾದ ಮೇಲೆಯೇ ಏಳುತ್ತದೆ. ಸರಕುಪಟ್ಟಿಯಲ್ಲಿ ‘ಸೋಯಾ ಹಾಲು’ ಎಂದು ಬರೆದೇ ತೆರಿಗೆ ಕಟ್ಟುತ್ತೇವೆ, ಅದೇ ಪದ ಬಾಟಲಿಯ ಮೇಲೆ ಏಕೆ ಕೂಡದು ಎಂಬ ಆಕ್ಷೇಪ ನ್ಯಾಯವಾದುದೇ.

ಪದಾರ್ಥವೇನೋ ಸರಳವಾದುದು. ಬೀದರ್, ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಬೆಳೆಯುವ ಸೋಯಾ ಅವರೆಯಲ್ಲಿ ಸುಮಾರು ಶೇ. 40 ಸಸಾರಜನಕ, ಶೇ. 20 ಎಣ್ಣೆ ಇರುತ್ತದೆ. ನೆನೆಸಿದ ಕಾಳನ್ನು ತಣ್ಣೀರಿನಲ್ಲಿ ಅರೆದರೆ ಲಿಪಾಕ್ಸಿಜಿನೇಸ್ ಎಂಬ ಕಿಣ್ವವು ಎಣ್ಣೆಯೊಡನೆ ವರ್ತಿಸಿ ಹಸಿ ಕಾಳಿನ ವಾಸನೆ ಹುಟ್ಟುತ್ತದೆ. 80 ಡಿಗ್ರಿ ಸೆಲ್ಸಿಯಸ್‌ಗೂ ಮೇಲ್ಪಟ್ಟ ಬಿಸಿನೀರಿನಲ್ಲಿ ಅರೆದರೆ ಆ ದೋಷ ಬಹುಮಟ್ಟಿಗೆ ತಪ್ಪುತ್ತದೆ. ಜೀರ್ಣಕ್ಕೆ ಅಡ್ಡಿಯಾಗುವ ಟ್ರಿಪ್ಸಿನ್ ನಿರೋಧಕಗಳನ್ನು ತಗ್ಗಿಸಲು ಚೆನ್ನಾಗಿ ಕುದಿಸುವುದೂ ಅಗತ್ಯ. ಗ್ರಾಹಕರು ಒಮ್ಮೆ ಕುಡಿದು ಮತ್ತೆ ಮುಟ್ಟದಿರುವುದಕ್ಕೆ ಈ ವಾಸನೆಯೇ ಮುಖ್ಯ ಕಾರಣವೆಂಬುದು ನನ್ನ ಅಭಿಪ್ರಾಯ.

ಇನ್ನು ಹೆಸರಿನ ವಿಚಾರ. ಸುಂಕಪಟ್ಟಿಯ 2202 99 10ನೇ ಶೀರ್ಷಿಕೆಯಲ್ಲಿ ಇದು ‘ಸೋಯಾ ಹಾಲಿನ ಪಾನೀಯ’. ಆದರೆ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಹಾಲು ಎಂದರೆ ಕರೆಯುವ ಪ್ರಾಣಿಯ ಕೆಚ್ಚಲಿನಿಂದ ಬಂದದ್ದು ಮಾತ್ರ. ಸಸ್ಯಜನ್ಯ ಪಾನೀಯಗಳಿಗೆ ಹಾಲಿನ ಹೆಸರಿಟ್ಟು ಮಾರುವುದನ್ನು ತಡೆಯುವಂತೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2021ರಲ್ಲಿ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಸೂಚಿಸಿತು. ಆದುದರಿಂದ ಲೇಬಲ್ಲಿನಲ್ಲಿ ‘ಸೋಯಾ ಪಾನೀಯ’ ಎಂದಿರುವುದೇ ಕ್ಷೇಮ. ಸೋಯಾ ಒಂದು ಅಲರ್ಜಿಕಾರಕವಾದುದರಿಂದ ಆ ಘೋಷಣೆಯೂ ಕಡ್ಡಾಯ.

ತೆರಿಗೆಯ ದರದಲ್ಲಿ ದೊಡ್ಡ ಬದಲಾವಣೆಯಾಗಿದೆ. 2017ರ ಜುಲೈಯಿಂದ ಸೋಯಾ ಪಾನೀಯಕ್ಕೆ ಶೇ. 12 ಜಿಎಸ್‌ಟಿ ಇತ್ತು. ಬಾದಾಮಿ ಹಾಲಿಗಂತೂ ಶೇ. 18 ಎಂದು 2019ರ ಅಕ್ಟೋಬರ್ ಸುತ್ತೋಲೆ ಸ್ಪಷ್ಟಪಡಿಸಿತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ. 5. ಕೊಳ್ಳುವವರಿಗೆ ಇದು ಲಾಭವೇ ಸರಿ. ತಯಾರಕರು ಮಾತ್ರ ಲೆಕ್ಕವನ್ನು ಹೊಸದಾಗಿ ಹಾಕಬೇಕು.

ಒಂದು ಕಾಲ್ಪನಿಕ ಘಟಕವನ್ನು ತೆಗೆದುಕೊಳ್ಳೋಣ. ತಿಂಗಳಿಗೆ ವರ್ತಕರಿಂದ 4 ಲಕ್ಷ ರೂ. ಕಾಳು, ಶೇ. 5ರಂತೆ ತೆರಿಗೆ 20,000. 2 ಲಕ್ಷ ರೂ. ಪ್ಲಾಸ್ಟಿಕ್ ಬಾಟಲಿ, ಶೇ. 18ರಂತೆ 36,000. ಒಟ್ಟು ಹೂಡುವಳಿ ತೆರಿಗೆ ಜಮೆ 56,000. ಮಾರಾಟ 8 ಲಕ್ಷ. ಹಿಂದಿನ ದರದಲ್ಲಿ ತೆರಿಗೆ 96,000, ಅಂದರೆ 40,000 ರೂ. ನಗದಾಗಿ ಕಟ್ಟಬೇಕಿತ್ತು. ಈಗ ತೆರಿಗೆ 40,000 ಮಾತ್ರ. 16,000 ಜಮೆ ಉಳಿಯುತ್ತದೆ. ಬಾಟಲಿಯ ದರ ಪಾನೀಯದ ದರಕ್ಕಿಂತ ಹೆಚ್ಚಿರುವುದರಿಂದ ಕೇಂದ್ರ ಜಿಎಸ್‌ಟಿ ಕಾಯಿದೆಯ 54(3)ನೇ ಕಲಮಿನಡಿ ಇದರ ಮರುಪಾವತಿ ಕೋರಬಹುದು.

ತೊಡಕಿರುವುದು ಯಂತ್ರದಲ್ಲಿ. 30 ಲಕ್ಷದ ಯಂತ್ರಕ್ಕೆ ಶೇ. 18ರಂತೆ ಕಟ್ಟಿದ 5.40 ಲಕ್ಷ ರೂ. ಬಂಡವಾಳ ಸರಕಿನ ಜಮೆ. ಅದು ಮರುಪಾವತಿಯ ಸೂತ್ರಕ್ಕೆ ಸೇರದು. ಬಾಡಿಗೆ, ಸಾಗಣೆ ಮುಂತಾದ ಸೇವೆಗಳ ಜಮೆಗೂ ಮರುಪಾವತಿಯಿಲ್ಲವೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರ್ 13ರಂದು ವಿಕೆಸಿ ಫುಟ್‌ಸ್ಟೆಪ್ಸ್ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಹಿಂದೆ ತಿಂಗಳಿಗೆ 40,000ದಂತೆ ಒಂದು ವರ್ಷ ಎರಡು ತಿಂಗಳೊಳಗೆ ತೀರುತ್ತಿದ್ದ ಯಂತ್ರದ ಜಮೆ ಈಗ ಪುಸ್ತಕದಲ್ಲೇ ನಿಲ್ಲುತ್ತದೆ. ಬ್ಯಾಂಕಿಗೆ ಯೋಜನಾ ವರದಿ ಕೊಡುವಾಗ ಈ ಮೊತ್ತವನ್ನು ದುಡಿಯುವ ಬಂಡವಾಳದಲ್ಲಿ ತೋರಿಸದಿರುವುದು ಸಾಮಾನ್ಯ ತಪ್ಪು.

ರಾಜಿ ತೆರಿಗೆ ಪದ್ಧತಿಯ ಲೆಕ್ಕವೂ ಮಗುಚಿದೆ. ವಾರ್ಷಿಕ ವಹಿವಾಟು 1.5 ಕೋಟಿ ಮೀರದ ತಯಾರಕರು ಶೇ. 1 ಕಟ್ಟಿದರೆ ಸಾಕು. ಆದರೆ ಜಮೆ ಸಿಗದು, ಹೊರರಾಜ್ಯಕ್ಕೆ ಮಾರುವಂತಿಲ್ಲ. ಗ್ರಾಹಕರಿಂದ ತೆರಿಗೆ ಸೇರಿ 8.40 ಲಕ್ಷ ಬರುವುದಾದರೆ, ಶೇ. 12ರ ಕಾಲದಲ್ಲಿ ಸಾಮಾನ್ಯ ಪದ್ಧತಿಯವರಿಗೆ ಉಳಿಯುತ್ತಿದ್ದುದು 7.50 ಲಕ್ಷ, ರಾಜಿಯವರಿಗೆ, 8,400 ತೆರಿಗೆ ಮತ್ತು ಕಳೆದುಕೊಂಡ 56,000 ಜಮೆ ತೆಗೆದು, 7,75,600. ಈಗ ಸಾಮಾನ್ಯ ಪದ್ಧತಿಯಲ್ಲಿ ಪೂರ್ತಿ 8 ಲಕ್ಷ ಉಳಿಯುತ್ತದೆ, ಮರುಪಾವತಿ ಕೈಸೇರಿದರೆ. ಕಾಳನ್ನು ನೇರವಾಗಿ ರೈತರಿಂದ ಕೊಳ್ಳುವವರಿಗೆ ಆ 20,000 ತೆರಿಗೆಯೇ ಇಲ್ಲವಾದುದರಿಂದ, ಅವರಿಗೆ ಈ ಅಂತರ ತೀರ ಕಿರಿದಾಗುತ್ತದೆ.