ಆಂಪ್ಲಿಫಯರಿಗೆ ಬಂದ ಜ್ವರ

ನಮ್ಮ ಚಿಪ್ಪಗಿರಿಯಲ್ಲಿ ಧ್ವನಿವರ್ಧಕವಿಲ್ಲದೆ ನಡೆಯುವ ಸಮಾರಂಭ ಬಹಳ ಅಪರೂಪ. ಕಾರ್ತಿಕ ಶುದ್ಧ ದಶಮಿಯಂದು ವಿಜಯದಾಸರ ಆರಾಧನೆ, ಬೇಸಿಗೆಯಲ್ಲಿ ಮದುವೆಗಳು, ವರ್ಷದ ಕೊನೆಗೆ ಶಾಲೆಯ ವಾರ್ಷಿಕೋತ್ಸವ, ಎಲ್ಲಕ್ಕೂ ಅದು ಬೇಕು. ಬಾಡಿಗೆಗೆ ತಂದರೆ ಖರ್ಚು. ಆದ್ದರಿಂದ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಸ್ವತಃ ಜೋಡಿಸಿದ ಒಂದು ಆಂಪ್ಲಿಫಯರನ್ನು ಶಾಲೆಗೆ ಕೊಟ್ಟಾಗ ವಿಜ್ಞಾನ ಸಂಘದ ನಮಗೆಲ್ಲ ಬಹಳ ಸಂತೋಷವಾಯಿತು. ಆದರೆ ಅದಕ್ಕೊಂದು ವಿಚಿತ್ರ ರೋಗವಿತ್ತು. ಚಳಿಗಾಲದಲ್ಲಿ ಚೆನ್ನಾಗಿ ಹಾಡುತ್ತಿದ್ದ ಪೆಟ್ಟಿಗೆ ಏಪ್ರಿಲ್ ಬಂದೊಡನೆ ಮಧ್ಯಾಹ್ನದ ಹೊತ್ತಿಗೆ ಕಾದು ಕೆಂಡವಾಗುತ್ತಿತ್ತು. ನಮ್ಮ ಕೈಗೆ ಬರುವ ಮೊದಲೇ ಮೂರು ಜೊತೆ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಸುಟ್ಟಿದ್ದವು. ಪ್ರತಿ ಸಲವೂ ರಿಪೇರಿ ಮಾಡಿದವರು ಹೊಸ ಜೊತೆ ಹಾಕಿ, ಪ್ರೀಸೆಟ್ ಎಂಬ ಸಣ್ಣ ತಿರುಗಣೆಯನ್ನು ಸ್ವಲ್ಪ ತಿರುಗಿಸಿ ಕಳುಹಿಸಿದ್ದರು. ನಾಲ್ಕನೆಯ ಜೊತೆಯೂ ಸುಟ್ಟರೆ ಸಂಘದ ಚಂದಾ ಹಣ ಪೂರ್ತಿ ಖಾಲಿಯಾಗುವಂತಿತ್ತು.

ಈ ಜ್ವರದ ಮೂಲ ಬಯಾಸ್ ವೋಲ್ಟೇಜಿನಲ್ಲಿದೆ. ಮನೆಯಲ್ಲಿ ಆಂಪ್ಲಿಫಯರ್ ಕಟ್ಟುವವರು ಬಹುತೇಕ ಎಲ್ಲರೂ ಎದುರಿಸುವ ತೊಂದರೆ ಇದು. ಆದುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಇಬ್ಬರು ಸೇರಿ ದೊಡ್ಡ ಗರಗಸದಿಂದ ಮರ ಕೊಯ್ಯುವುದನ್ನು ವಾಚಕರು ನೋಡಿರಬಹುದು. ಒಬ್ಬ ತನ್ನ ಕಡೆಗೆ ಎಳೆಯುತ್ತಾನೆ, ಆಮೇಲೆ ಇನ್ನೊಬ್ಬ ಎಳೆಯುತ್ತಾನೆ. ಆಂಪ್ಲಿಫಯರಿನ ಔಟ್‌ಪುಟ್ಟಿನಲ್ಲಿಯೂ ಹೀಗೆಯೇ ಎರಡು ಟ್ರಾನ್ಸಿಸ್ಟರುಗಳು. ಧ್ವನಿಯ ಅಲೆಯ ಮೇಲಿನ ಅರ್ಧವನ್ನು ಒಂದು, ಕೆಳಗಿನ ಅರ್ಧವನ್ನು ಇನ್ನೊಂದು ಎಳೆಯುತ್ತದೆ. ಆದರೆ ಸಿಲಿಕಾನ್ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರುಗಳ ನಡುವೆ ಸುಮಾರು 0.6 ವೋಲ್ಟ್ ಬರುವವರೆಗೆ ಅದು ನಿದ್ದೆಯಿಂದ ಏಳುವುದೇ ಇಲ್ಲ. ಒಬ್ಬ ಕೈ ಬಿಟ್ಟ ಮೇಲೆ ಇನ್ನೊಬ್ಬ ಹಿಡಿಯಲು ತಡವಾದರೆ ಗರಗಸ ಮುಗ್ಗರಿಸುತ್ತದೆಯಲ್ಲವೆ? ಹಾಗೆಯೇ ಅಲೆ ಒಂದು ಅರ್ಧದಿಂದ ಇನ್ನೊಂದಕ್ಕೆ ದಾಟುವ ಕಡೆ ಧ್ವನಿ ಮುರಿಯುತ್ತದೆ. ಸಣ್ಣ ಧ್ವನಿಯಲ್ಲಿ ಮಾತು ಗಂಟಲು ಕಟ್ಟಿದಂತೆ ಒರಟಾಗಿ ಕೇಳಿ, ವಾಲ್ಯೂಮ್ ಏರಿಸಿದರೆ ಸರಿಯಾದಂತೆ ತೋರಿದರೆ ಅದು ಈ ದೋಷವೇ ಎನ್ನಬಹುದು. ಇದನ್ನು ತಪ್ಪಿಸಲು ಎರಡು ಟ್ರಾನ್ಸಿಸ್ಟರುಗಳಿಗೂ ಮೊದಲೇ ಸ್ವಲ್ಪ ವೋಲ್ಟೇಜ್ ಕೊಟ್ಟು ಅರೆ ಎಚ್ಚರದಲ್ಲಿ ಇಟ್ಟಿರುತ್ತಾರೆ. ಅದೇ ಬಯಾಸ್. ಆಗ ಹಾಡಿಲ್ಲದಿದ್ದರೂ ಅಲ್ಪ ಪ್ರವಾಹವೊಂದು ಎರಡರ ಮೂಲಕವೂ ಹರಿಯುತ್ತಿರುತ್ತದೆ. ಇದನ್ನು ನಾವು ವಿಶ್ರಾಂತ ಪ್ರವಾಹ ಎಂದು ಕರೆದುಕೊಂಡಿದ್ದೇವೆ.

ಬಯಾಸ್ ಹೆಚ್ಚಾದರೆ ಏನಾಗುತ್ತದೆ? ಗರಗಸದ ಇಬ್ಬರೂ ಏಕಕಾಲಕ್ಕೆ ಎದುರುಬದುರಾಗಿ ಎಳೆದಂತೆ. ಮರ ಕೊಯ್ಯುವುದಿಲ್ಲ, ಬೆವರು ಮಾತ್ರ ಸುರಿಯುತ್ತದೆ.

ನಮ್ಮ ಪೆಟ್ಟಿಗೆಯಲ್ಲಿ ಇರುವುದು ಟಿಪ್ 142 ಮತ್ತು ಟಿಪ್ 147 ಎಂಬ ಜೊತೆ. ಇವು ಡಾರ್ಲಿಂಗ್‌ಟನ್ ಜಾತಿಯವು. ಒಂದೊಂದರ ಒಳಗೂ ಎರಡೆರಡು ಟ್ರಾನ್ಸಿಸ್ಟರುಗಳಿರುವುದರಿಂದ ಒಟ್ಟು ನಾಲ್ಕು ಜಂಕ್ಷನ್‌ಗಳಿಗೆ ಸುಮಾರು 2.4 ವೋಲ್ಟ್ ಬಯಾಸ್ ಬೇಕು. ಎಮಿಟರುಗಳಲ್ಲಿ 0.33 ಓಮಿನ ರೆಸಿಸ್ಟರುಗಳಿವೆ. ಸಪ್ಲೈ 40 ವೋಲ್ಟ್, ಸ್ಪೀಕರಿಗೆ ಹೋಗುವ ದಾರಿಯಲ್ಲಿ ದೊಡ್ಡ ಕೆಪಾಸಿಟರ್. ಬಯಾಸನ್ನು ಕೊಡುವುದು ಬಿಡಿ 139 ಎಂಬ ಇನ್ನೊಂದು ಟ್ರಾನ್ಸಿಸ್ಟರ್. ಅದರ ಕಲೆಕ್ಟರ್ ಮತ್ತು ಬೇಸ್ ನಡುವೆ 2.7 ಕಿಲೋ ಓಮ್, ಬೇಸ್ ಮತ್ತು ಎಮಿಟರ್ ನಡುವೆ 820 ಓಮ್ ಹಾಗೂ ಅದರ ಜೊತೆಗೆ ಸಾಲಾಗಿ 470 ಓಮಿನ ಪ್ರೀಸೆಟ್. ಬಿಡಿ 139 ತನ್ನ ಬೇಸಿನ 0.65 ವೋಲ್ಟನ್ನು ಈ ರೆಸಿಸ್ಟರುಗಳ ಅನುಪಾತಕ್ಕೆ ತಕ್ಕಂತೆ ಗುಣಿಸಿ ಕೊಡುತ್ತದೆ. ಲೆಕ್ಕ ಹಾಕಿ ನೋಡಿದರೆ ಪ್ರೀಸೆಟ್ ಪೂರ್ತಿ ಒಳಗಿದ್ದಾಗ ಸುಮಾರು 2.0 ವೋಲ್ಟ್, ಪೂರ್ತಿ ಹೊರಗಿದ್ದಾಗ ಸುಮಾರು 2.8 ವೋಲ್ಟ್ ಬರುತ್ತದೆ. ಗಣಿತದ ತರಗತಿಯಲ್ಲಿ ಅನುಪಾತ ಏತಕ್ಕೆ ಎಂದು ಕೇಳುವ ಗೆಳೆಯರು ಇದನ್ನು ಗಮನಿಸಬೇಕು.

ಇಷ್ಟೆಲ್ಲ ಸುತ್ತು ಏಕೆ, ಒಂದು ರೆಸಿಸ್ಟರಿನಿಂದಲೇ 2.4 ವೋಲ್ಟ್ ಪಡೆಯಬಹುದಲ್ಲ ಎಂಬ ಪ್ರಶ್ನೆ ಸಹಜ. ಹಾಗೆ ಕಟ್ಟಿದ ಪೆಟ್ಟಿಗೆಗಳೂ ಉಂಟು. ಆದರೆ ಹಳ್ಳಿಯ ವಿದ್ಯುತ್ತನ್ನು ನಂಬಿ ಹಾಗೆ ಮಾಡಬಾರದು. ಸಂಜೆ ಪಂಪ್‌ಸೆಟ್ಟುಗಳೆಲ್ಲ ಓಡುತ್ತಿರುವಾಗ ವೋಲ್ಟೇಜ್ 200ಕ್ಕೆ ಇಳಿದಿದೆ ಎನ್ನಿ. ಆಗ ಹೊಂದಿಸಿದ ಬಯಾಸ್, ರಾತ್ರಿ ಮೋಟಾರುಗಳು ನಿಂತು ವೋಲ್ಟೇಜ್ 220 ಆದಾಗ ತಾನೂ ನೂರಕ್ಕೆ ಹತ್ತರಷ್ಟು ಏರುತ್ತದೆ. 2.4ರಲ್ಲಿ ಹತ್ತನೆಯ ಒಂದು ಭಾಗ 0.24 ವೋಲ್ಟ್, ಅಂದರೆ ಒಂದೊಂದು ಜಂಕ್ಷನ್ನಿಗೆ 60 ಮಿಲಿವೋಲ್ಟ್. ಇದೇನು ಮಹಾ ಎನಿಸಬಹುದು. ಆದರೆ ಜಂಕ್ಷನ್ನಿಗೆ 18 ಮಿಲಿವೋಲ್ಟ್ ಹೆಚ್ಚಾದರೆ ಪ್ರವಾಹ ಇಮ್ಮಡಿಯಾಗುತ್ತದೆ, 60 ಹೆಚ್ಚಾದರೆ ಹತ್ತು ಪಟ್ಟಾಗುತ್ತದೆ. ಎಮಿಟರಿನ ಸಣ್ಣ ರೆಸಿಸ್ಟರುಗಳು ಸ್ವಲ್ಪ ಲಗಾಮು ಹಾಕುತ್ತವೆಯೇ ಹೊರತು ಪೂರ್ತಿ ತಡೆಯಲಾರವು. ಬಿಡಿ 139 ಇದ್ದರೆ ಸಪ್ಲೈ ಏರಿಳಿದರೂ ಬಯಾಸ್ ಹೆಚ್ಚು ಕದಲುವುದಿಲ್ಲ.

ಅದಕ್ಕಿಂತ ದೊಡ್ಡ ಶತ್ರು ಶಾಖ. ಸಿಲಿಕಾನ್ ಜಂಕ್ಷನ್ ಒಂದು ಡಿಗ್ರಿ ಬಿಸಿಯಾದರೆ ಅದಕ್ಕೆ ಬೇಕಾಗುವ ವೋಲ್ಟೇಜ್ ಸುಮಾರು 2 ಮಿಲಿವೋಲ್ಟ್ ಕಡಿಮೆಯಾಗುತ್ತದೆ. ನಾಲ್ಕು ಜಂಕ್ಷನ್ನಿಗೆ ಡಿಗ್ರಿಗೆ 8 ಮಿಲಿವೋಲ್ಟ್. ಬೆಳಿಗ್ಗೆ 25 ಡಿಗ್ರಿಯಲ್ಲಿದ್ದ ಹೀಟ್ ಸಿಂಕ್ ಮಧ್ಯಾಹ್ನ 65 ಡಿಗ್ರಿಗೆ ಏರಿದರೆ ಬೇಕಾದ ಬಯಾಸ್ 320 ಮಿಲಿವೋಲ್ಟಿನಷ್ಟು ಇಳಿದಿರುತ್ತದೆ. ಬಯಾಸ್ ಮಾತ್ರ ಬೆಳಗಿನ ಮಟ್ಟದಲ್ಲಿಯೇ ನಿಂತಿದ್ದರೆ ಅದು ಈಗ ವಿಪರೀತ ಹೆಚ್ಚು. ಪ್ರವಾಹ ಏರುತ್ತದೆ. ಪ್ರವಾಹ ಏರಿದ್ದರಿಂದ ಬಿಸಿ ಏರುತ್ತದೆ, ಬಿಸಿ ಏರಿದ್ದರಿಂದ ಪ್ರವಾಹ ಮತ್ತೆ ಏರುತ್ತದೆ. ಆದೋನಿ ಸೀಮೆಯ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ದಾಟಿರುವಾಗ ಈ ಚಕ್ರ ತಿರುಗಲು ಹೆಚ್ಚು ಹೊತ್ತು ಬೇಕಾಗಿಲ್ಲ. ಬಯಾಸ್ ಎಂಬುದು ಒಮ್ಮೆ ಹೊಂದಿಸಿ ಮರೆಯುವ ಸಂಖ್ಯೆಯಲ್ಲ. ಬಿಸಿ ಏರಿದಂತೆ ಅದು ತಾನಾಗಿ ಇಳಿಯಬೇಕು. ಇದಕ್ಕಾಗಿಯೇ ಬಿಡಿ 139ಅನ್ನು ಔಟ್‌ಪುಟ್ ಟ್ರಾನ್ಸಿಸ್ಟರುಗಳ ಹೀಟ್ ಸಿಂಕಿಗೇ ಸ್ಕ್ರೂ ಹಾಕಿ ಬಿಗಿಯುತ್ತಾರೆ. ಅವು ಕಾದರೆ ಇದೂ ಕಾದು, ತನ್ನ ಡಿಗ್ರಿಗೆ 2 ಮಿಲಿವೋಲ್ಟಿನ ಇಳಿಕೆಯನ್ನು ಅದೇ ಅನುಪಾತದಲ್ಲಿ ಗುಣಿಸಿ, ಹೆಚ್ಚು ಕಡಿಮೆ ಅಷ್ಟೇ ಬಯಾಸನ್ನು ತಗ್ಗಿಸುತ್ತದೆ.

ಹಿಂದೆ ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಕಾಲದಲ್ಲಿ ಈ ಕಷ್ಟ ಇನ್ನೂ ಹೆಚ್ಚಾಗಿತ್ತು. ಎಸಿ 128ರಂತಹವಕ್ಕೆ ಬೇಕಾದ ಬಯಾಸ್ ಸುಮಾರು 0.2 ವೋಲ್ಟ್ ಅಷ್ಟೇ. ಬಿಸಿಯಾದರೆ ಸೋರಿಕೆ ಪ್ರವಾಹ ಬೇರೆ ಏರುತ್ತಿತ್ತು. 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಟ್ರಾನ್ಸಿಸ್ಟರುಗಳನ್ನು ತಂದು ಮನೆಯಲ್ಲಿ ರೇಡಿಯೋ, ಆಂಪ್ಲಿಫಯರ್ ಕಟ್ಟಿದ ಹಿರಿಯರು ಈಗಲೂ ನಮ್ಮ ಸುತ್ತಿನ ಊರುಗಳಲ್ಲಿದ್ದಾರೆ. ಅವರನ್ನು ಕೇಳಿದರೆ ಇಂತಹ ಕಥೆಗಳನ್ನು ಎಷ್ಟು ಬೇಕಾದರೂ ಹೇಳುತ್ತಾರೆ.

ಇನ್ನು ಪರೀಕ್ಷೆಯ ಕ್ರಮ. ಮೊದಲನೆಯದಾಗಿ, ಪ್ರೀಸೆಟ್ಟನ್ನು ಮುಟ್ಟಕೂಡದು. ರಿಪೇರಿಗೆ ಕುಳಿತ ಕೂಡಲೇ ಸ್ಕ್ರೂಡ್ರೈವರ್ ಅಲ್ಲಿಗೆ ಹೋಗುವುದು ದುರಭ್ಯಾಸ. ಅದನ್ನು ತಿರುಗಿಸಿದೊಡನೆ ರೋಗದ ಗುರುತೇ ಅಳಿಸಿಹೋಗುತ್ತದೆ. ಎರಡನೆಯದಾಗಿ, ಒಳಗೆ 230 ವೋಲ್ಟ್ ಇರುವುದರಿಂದ ಅಧ್ಯಾಪಕರು ಎದುರಿಗಿಲ್ಲದೆ ಪೆಟ್ಟಿಗೆ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಸಪ್ಲೈಯ ದೊಡ್ಡ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ. ಅದನ್ನು ಒಂದು ರೆಸಿಸ್ಟರಿನ ಮೂಲಕ ಖಾಲಿ ಮಾಡಿ, ಮೀಟರಿನಲ್ಲಿ ನೋಡಿಯೇ ಕೈಹಾಕಬೇಕು.

ಪೆಟ್ಟಿಗೆಯನ್ನು ನೇರವಾಗಿ ಲೈನಿಗೆ ಸಿಕ್ಕಿಸದೆ 60 ವ್ಯಾಟಿನ ಬಲ್ಬೊಂದನ್ನು ಸೀರೀಸ್‌ನಲ್ಲಿ ಸೇರಿಸಿದೆವು. ಇದು ತಂತಿಯ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯದು. ಈಗ ಮನೆಗಳಲ್ಲಿ ಇಂತಹ ಬಲ್ಬು ಸಿಗುವುದೇ ಕಷ್ಟವಾಗಿದೆ, ಸಿಕ್ಕವರು ಒಂದನ್ನು ಜೋಪಾನವಾಗಿಡಲಿ. ಬಲ್ಬು ಕ್ಷಣಕಾಲ ಬೆಳಗಿ ಮಂಕಾದರೆ ಮುಂದುವರಿಯಬಹುದು. ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಅಥವಾ ವಿಪರೀತ ಬಯಾಸ್ ಇದೆ. ಆಗ ಬಲ್ಬು ತಾನು ಉರಿದು ಟ್ರಾನ್ಸಿಸ್ಟರುಗಳನ್ನು ಉಳಿಸುತ್ತದೆ. ನಮ್ಮದು ಮಂಕಾಯಿತು. ಬಲ್ಬು ತೆಗೆದು, ವಾಲ್ಯೂಮ್ ಸೊನ್ನೆಯಲ್ಲಿಟ್ಟು ಮಧ್ಯಬಿಂದುವನ್ನು, ಅಂದರೆ ಎರಡು ಎಮಿಟರ್ ರೆಸಿಸ್ಟರುಗಳು ಕೂಡುವ ಜಾಗವನ್ನು ಅಳೆದೆವು. ಸಪ್ಲೈಯ ಅರ್ಧ, 20 ವೋಲ್ಟ್, ಸರಿಯಾಗಿಯೇ ಇತ್ತು. ಇದು ತಪ್ಪಿದ್ದರೆ ಹುಡುಕಬೇಕಾದದ್ದು ಮುಂಭಾಗದ ಹಂತದಲ್ಲಿ, ಬಯಾಸಿನಲ್ಲಲ್ಲ.

ಆಮೇಲೆ ಡಿಜಿಟಲ್ ಮೀಟರನ್ನು 200 ಮಿಲಿವೋಲ್ಟಿಗೆ ಇಟ್ಟು ಎಮಿಟರ್ ರೆಸಿಸ್ಟರಿನ ಎರಡು ತುದಿಗಳ ನಡುವೆ ಅಳೆದೆವು. 10 ಮಿಲಿವೋಲ್ಟ್ ಬಂದರೆ, ಓಮನ ನಿಯಮದಂತೆ ವಿಶ್ರಾಂತ ಪ್ರವಾಹ 30 ಮಿಲಿಆಂಪಿಯರ್. ಮೀಟರಿನ ಮೊನೆ ಜಾರಿ ಪಕ್ಕದ ಕಾಲಿಗೆ ತಗುಲಿದರೆ ಆ ಕ್ಷಣವೇ ಟ್ರಾನ್ಸಿಸ್ಟರ್ ಹೋಗುತ್ತದೆ. ಆದುದರಿಂದ ಪವರ್ ತೆಗೆದಿರುವಾಗಲೇ ಎರಡು ತುಂಡು ವೈರು ಬೆಸೆದು ಹೊರಗೆ ತಂದುಕೊಂಡೆವು. ಬೆಳಿಗ್ಗೆ ಎಂಟಕ್ಕೆ 10 ಮಿಲಿವೋಲ್ಟ್. ಅರ್ಧ ಗಂಟೆ ಹಾಡು ಹಾಕಿ, ನಿಲ್ಲಿಸಿ ನೋಡಿದರೆ 19. ಮಧ್ಯಾಹ್ನ ವರಾಂಡದಲ್ಲಿ ಅದೇ ಪರೀಕ್ಷೆ ಮಾಡಿದಾಗ 46 ಆಗಿ ಇನ್ನೂ ಏರುತ್ತಿತ್ತು. ತಕ್ಷಣ ಸ್ವಿಚ್ ಆರಿಸಿದೆವು. ಪ್ರತಿ ಸಲವೂ ಒಟ್ಟು ಬಯಾಸ್ ಮಾತ್ರ 2.4 ವೋಲ್ಟಿನಿಂದ ಕದಲಿರಲಿಲ್ಲ. ಕದಲದಿರುವುದೇ ರೋಗ.

ಈಗ ಉಳಿದ ಪ್ರಶ್ನೆ, ಬಿಡಿ 139 ಕೆಟ್ಟಿದೆಯೋ ಅಥವಾ ಅದಕ್ಕೆ ಬಿಸಿ ತಲುಪುತ್ತಿಲ್ಲವೋ? ಕಾದ ಸೋಲ್ಡರಿಂಗ್ ಐರನ್ನನ್ನು ತಾಗಿಸದೆ ಅದರ ಹತ್ತಿರ ಹಿಡಿದೆವು. ನೋಡುತ್ತಿದ್ದಂತೆ ಬಯಾಸ್ 2.4ರಿಂದ 2.2ಕ್ಕೆ ಇಳಿಯಿತು. ಟ್ರಾನ್ಸಿಸ್ಟರ್ ನಿರಪರಾಧಿ. ಅದು ಬೋರ್ಡಿನ ಮೇಲೆ, ಹೀಟ್ ಸಿಂಕಿನಿಂದ ಎರಡು ಅಂಗುಲ ದೂರದಲ್ಲಿ, ಗಾಳಿಯಲ್ಲಿ ನಿಂತಿತ್ತು. ಜ್ವರ ಒಬ್ಬರಿಗೆ, ಥರ್ಮಾಮೀಟರ್ ಇನ್ನೊಬ್ಬರ ಬಾಯಲ್ಲಿ! ಮೂರು ಜೊತೆ ಸುಟ್ಟಿದ್ದಕ್ಕೆ ಕಾರಣ ಇಷ್ಟೇ. ಕಾಲುಗಳಿಗೆ ವೈರು ಕೊಟ್ಟು ಅದನ್ನು ಹೀಟ್ ಸಿಂಕಿನ ಮೇಲೆ, ಎರಡು ಔಟ್‌ಪುಟ್ ಟ್ರಾನ್ಸಿಸ್ಟರುಗಳ ನಡುವೆ ಬಿಗಿದೆವು. ಅದರ ಬೆನ್ನಿನ ಲೋಹ ಕಲೆಕ್ಟರಿಗೆ ಸೇರಿರುವುದರಿಂದ ಮಧ್ಯೆ ಮೈಕಾ ಹಾಳೆ ಬೇಕೇ ಬೇಕು. ಮೈಕಾದ ಎರಡೂ ಬದಿಗೆ ತೆಳ್ಳಗೆ ಬಿಳಿ ಪೇಸ್ಟ್ ಸವರಬೇಕು, ದಪ್ಪಗೆ ಬಳಿದರೆ ಶಾಖಕ್ಕೆ ಅದೇ ಅಡ್ಡಿ. ಸ್ಕ್ರೂ ಬಿಗಿದ ಮೇಲೆ ಹೀಟ್ ಸಿಂಕಿಗೂ ಕಾಲುಗಳಿಗೂ ಸಂಪರ್ಕವಿಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಳ್ಳಬೇಕು.

ಬೇರೆಯವರ ಪೆಟ್ಟಿಗೆಯಲ್ಲಿ ಬೇರೆ ಕಾರಣವಿರಬಹುದು. ನಮ್ಮದು ಎರೆಮಣ್ಣಿನ, ಹತ್ತಿಯ ಸೀಮೆ. ಧೂಳು ಪ್ರೀಸೆಟ್ಟಿನ ಒಳಹೊಕ್ಕು ಅದರ ನಾಲಿಗೆ ಸಂಪರ್ಕ ಬಿಡುವುದುಂಟು. ಹತ್ತಿಯ ಎಳೆ ಹೀಟ್ ಸಿಂಕಿನ ಸಂದುಗಳಲ್ಲಿ ಕಂಬಳಿಯಂತೆ ಕೂಡುವುದೂ ಉಂಟು. ಪ್ರೀಸೆಟ್ ಬೇಸ್ ಮತ್ತು ಎಮಿಟರುಗಳ ಕಡೆ ಇದ್ದರೆ ನಾಲಿಗೆ ಬಿಟ್ಟಾಗ ಬಯಾಸ್ ಕುಸಿದು ಧ್ವನಿ ಒರಟಾಗುತ್ತದೆ, ಅಷ್ಟೇ. ಕಲೆಕ್ಟರಿನ ಕಡೆ ಇದ್ದರೆ ಬಯಾಸ್ ಮೇಲಕ್ಕೆ ಹಾರಿ ಕ್ಷಣದಲ್ಲಿ ಎಲ್ಲ ಮುಗಿಯುತ್ತದೆ. ಹೊಸದಾಗಿ ಕಟ್ಟುವವರು ಈ ಒಂದು ವಿಷಯವನ್ನಾದರೂ ಕಾಗದದ ಮೇಲೆಯೇ ನೋಡಿಕೊಳ್ಳಬೇಕು. ಬಯಾಸ್ ತೀರ ಕಡಿಮೆ ಬಂದರೆ ಬಿಡಿ 139ರ ಅಡ್ಡಲಾಗಿರುವ ಕೆಪಾಸಿಟರ್ ಸೋರುತ್ತಿದೆಯೇ ನೋಡಿ. ಪ್ರವಾಹ ಕಾರಣವಿಲ್ಲದೆ ಕುಣಿದರೆ ಕಿವಿಗೆ ಕೇಳದಷ್ಟು ಎತ್ತರದ ಆಂದೋಲನವಿರಬಹುದು. ಔಟ್‌ಪುಟ್ಟಿನಲ್ಲಿರಬೇಕಾದ 10 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಜೋಡಿಯನ್ನು ಪರೀಕ್ಷಿಸಿ.

ನಮ್ಮ ಪೆಟ್ಟಿಗೆಗೆ ಕೊನೆಯಲ್ಲಿ ಮಾತ್ರ ಪ್ರೀಸೆಟ್ ತಿರುಗಿಸಿದೆವು. ಮೊದಲು ಅದನ್ನು ಪೂರ್ತಿ ಒಳಗಿಟ್ಟು, ಬಯಾಸ್ ಕನಿಷ್ಠವಾಗಿರುವಾಗ ಸ್ವಿಚ್ ಹಾಕಿ, ಹತ್ತು ನಿಮಿಷ ಕಾದು, ನಿಧಾನವಾಗಿ 10 ಮಿಲಿವೋಲ್ಟಿಗೆ ತಂದೆವು. ಮಧ್ಯಾಹ್ನ ಎರಡು ಗಂಟೆಗೆ, ವರಾಂಡದಲ್ಲಿ, ಒಂದು ಗಂಟೆ ಹಾಡಿದ ಮೇಲೆ 12. ರಾತ್ರಿ 10. ಈ ಅಂಕಿಗಳನ್ನು ತಾರೀಖಿನೊಡನೆ ಚೀಟಿಯಲ್ಲಿ ಬರೆದು ಮುಚ್ಚಳದ ಒಳಗೆ ಅಂಟಿಸಿದ್ದೇವೆ. ಮುಂದೆ ಸಂಘಕ್ಕೆ ಬರುವವರು ಬೇಸಿಗೆಗೆ ಮೊದಲು ಒಮ್ಮೆ ಅಳೆದು ಅದರ ಕೆಳಗೆ ಬರೆಯಬೇಕೆಂದು ಕೋರಿಕೆ. ಸಣ್ಣದೊಂದು ಗುಂಯ್ ಎಂಬ ಸದ್ದು ಮಾತ್ರ ಇನ್ನೂ ಉಳಿದಿದೆ. ಅದು ಬಯಾಸಿನದಲ್ಲ, ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲೇ ಹಾದುಹೋಗಿರುವ ಮೈಕಿನ ವೈರಿನದು. ಆ ವೈರನ್ನು ಪೆಟ್ಟಿಗೆಯ ಇನ್ನೊಂದು ಬದಿಗೆ ಸರಿಸುವ ಕೆಲಸ ಬಾಕಿ ಇದೆ.