ಎರಡು ಮನೆ, ಒಂದು ಶಾಲೆ

ಗಂಡ-ಹೆಂಡತಿ ಬೇರೆಯಾದರೂ ಮಗುವಿಗೆ ಅವರು ತಂದೆ-ತಾಯಿಯೇ. ಶಾಲೆ ಯಾವುದು, ಟ್ಯೂಷನ್ ಬೇಕೆ, ದಸರಾ ರಜೆ ಯಾರ ಮನೆಯಲ್ಲಿ, ಎಸ್ಸೆಸ್ಸೆಲ್ಸಿ ನಂತರ ವಿಜ್ಞಾನವೋ ಕಲೆಯೋ ಎಂಬ ಪ್ರಶ್ನೆಗಳು ಅವರನ್ನು ಮತ್ತೆ ಮತ್ತೆ ಎದುರುಬದುರು ನಿಲ್ಲಿಸುತ್ತವೆ. ಆಗಲೂ ಹಟವೇ ಮುಂದಾದರೆ ನಷ್ಟ ಮಗುವಿಗೆ.

ಇಂಥ ಒಂದು ವ್ಯಾಜ್ಯದಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ 2013ರಲ್ಲಿ ಇಬ್ಬರಿಗೂ ಜಂಟಿ ಸುಪರ್ದಿ ನೀಡಿತು. ಮಗು ಜನವರಿ 1ರಿಂದ ಜೂನ್ 30ರವರೆಗೆ ತಂದೆಯ ಬಳಿ, ಜುಲೈ 1ರಿಂದ ಡಿಸೆಂಬರ್ 31ರವರೆಗೆ ತಾಯಿಯ ಬಳಿ ಇರಬೇಕು. ಓದಿನ ಖರ್ಚು ಸಮಪಾಲು. ಶನಿವಾರ, ಭಾನುವಾರ ಇನ್ನೊಬ್ಬರು ಬಂದು ನೋಡಬಹುದು. ಫೋನಿನಲ್ಲಿ ಮಾತಾಡಲು ಅಡ್ಡಿ ಇರಬಾರದು. ಕಾನೂನು ಆಯೋಗವೂ 2015ರ ತನ್ನ 257ನೆಯ ವರದಿಯಲ್ಲಿ ಈ ತೀರ್ಪನ್ನು ಉಲ್ಲೇಖಿಸಿ, ಜಂಟಿ ಸುಪರ್ದಿಗೆ ಕಾನೂನಿನಲ್ಲಿ ಅವಕಾಶ ಇರಬೇಕೆಂದು ಶಿಫಾರಸು ಮಾಡಿತು.

ಇದೇ ಲೆಕ್ಕ ಎಲ್ಲರಿಗೂ ಒಗ್ಗುತ್ತದೆಯೇ? ನಮ್ಮಲ್ಲಿ ಹೊಸ ತರಗತಿ ಆರಂಭವಾಗುವುದು ಜೂನ್ ಹೊತ್ತಿಗೆ. ಎರಡೂ ಮನೆ ಒಂದೇ ಊರಿನಲ್ಲಿದ್ದರೆ ಜುಲೈಯಲ್ಲಿ ಮನೆ ಬದಲಾದರೂ ಶಾಲೆ ಬದಲಾಗದು. ತಾಯಿ ಔರಾದದ ತವರಿನಲ್ಲಿ, ತಂದೆ ಬೀದರಿನಲ್ಲಿ ಇದ್ದರೆ? ನಡುವೆ ಸುಮಾರು 40 ಕಿಲೋಮೀಟರ್. ದಿನವೂ ಬಸ್ಸಿನಲ್ಲಿ ಹೋಗಿಬರುವ ಮಗು ಓದುವುದು ಯಾವಾಗ?

ನಮ್ಮ ಗಡಿ ಜಿಲ್ಲೆಯಲ್ಲಿ ಮಾಧ್ಯಮದ ತೊಡಕೂ ಇದೆ. ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ಶಾಲೆಗಳೆಲ್ಲ ಇಲ್ಲಿವೆ. ‘ದ್ಯುತಿಸಂಶ್ಲೇಷಣೆ’ ಎಂದು ಕಲಿತ ಮಗುವನ್ನು ನಡುವರ್ಷದಲ್ಲಿ ಇಂಗ್ಲಿಷ್ ಶಾಲೆಗೆ ಹಾಕಿದರೆ ಅದು ‘ಫೋಟೋಸಿಂಥೆಸಿಸ್’ ಕಂಡು ಕಕ್ಕಾಬಿಕ್ಕಿಯಾಗುತ್ತದೆ. ತಿಳಿದ ವಿಷಯವೇ ತಿಳಿಯದಂತಾಗಿ, ಜಾಣ ಮಗು ದಡ್ಡನೆನಿಸಿಕೊಳ್ಳುತ್ತದೆ.

ಕಾನೂನು ಏನು ಹೇಳುತ್ತದೆ? 1956ರ ಹಿಂದೂ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯ್ದೆಯಂತೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಆದರೆ ಎಲ್ಲಕ್ಕಿಂತ ಮಿಗಿಲಾದದ್ದು ಮಗುವಿನ ಹಿತ. ವಿವೇಚನೆಯಿಂದ ಹೇಳುವಷ್ಟು ದೊಡ್ಡದಾದ ಮಗುವಿನ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದೆಂದು 1890ರ ಪಾಲಕರ ಕಾಯ್ದೆಯೇ ಹೇಳಿದೆ.

ಆದ್ದರಿಂದ ಪಾಲಕರು ಕ್ಯಾಲೆಂಡರಿನ ಬದಲು ಶಾಲಾ ವರ್ಷವನ್ನು ಅಳತೆಯಾಗಿ ಹಿಡಿಯಲಿ. ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಶಾಲೆಯನ್ನಾಗಲೀ ಮಾಧ್ಯಮವನ್ನಾಗಲೀ ಬದಲಿಸುವುದು ಬೇಡ. ವೇಳಾಪಟ್ಟಿಯ ಒಂದೊಂದು ಪ್ರತಿ ಎರಡೂ ಮನೆಯ ಗೋಡೆಯ ಮೇಲಿರಲಿ. ಪ್ರಗತಿ ಪತ್ರವನ್ನು ಇಬ್ಬರೂ ನೋಡಲಿ. ‘ನಿಮ್ಮಪ್ಪನಿಗೆ ಹೇಳು’, ‘ನಿಮ್ಮವ್ವನಿಗೆ ಕೇಳು’ ಎಂದು ಮಗುವನ್ನು ಟಪಾಲಿನವನನ್ನಾಗಿ ಮಾಡುವುದು ನಿಲ್ಲಲಿ.

ವಿದ್ಯಾರ್ಥಿಗಳೇ, ಯಾವ ವಿಷಯ ಓದಬೇಕೆಂದು ನಿಮಗನಿಸುತ್ತದೆಯೋ ಅದನ್ನು ಇಬ್ಬರಿಗೂ ಒಂದೇ ಮಾತಿನಲ್ಲಿ ಹೇಳಿ. ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಇನ್ನೊಂದು ಹೇಳಿ ಸಮಾಧಾನಪಡಿಸುವ ಹೊಣೆ ನಿಮ್ಮದಲ್ಲ. ಮನೆಯಲ್ಲಿ ಹೇಳಲಾಗದಿದ್ದರೆ ನಿಮಗೆ ನಂಬಿಕೆಯಿರುವ ಶಿಕ್ಷಕರ ಬಳಿ ಹೇಳಿ.